ಚಿತ್ರಕೃಪೆ

ಸ್ಟೇಷನರಿ ಅಂಗಡಿಯ ಬಾಗಿಲಲ್ಲಿ ಕ್ಲಿಪ್ಪು ಹಾಕಿ ನೇತುಬಿಟ್ಟಿರುತ್ತಿದ್ದ ಚಾರ್ಟುಗಳು ನೆನಪಿವೆಯಲ್ಲ? ಹಣ್ಣುಗಳು, ವಾಹನಗಳು, ಸ್ವಾತಂತ್ರ್ಯ ಹೋರಾಟಗಾರರು. ಹೋರಾಟಗಾರರಿಗೆಲ್ಲ ಒಂದೇ ಗುಲಾಬಿ ಕೆನ್ನೆ, ಒಂದೇ ಕೆಂಪು ತುಟಿ. ಮೀಸೆ ನೋಡಿ ಗುರುತು ಹಿಡಿಯಬೇಕು. ಹಿಂಬದಿಯಲ್ಲಿ ಅವರ ಜೀವನಚರಿತ್ರೆ ಇರುತ್ತಿತ್ತು. ಕತ್ತರಿಸಿ ಗೋಂದು ಬಳಿದರೆ ಜೈಲುವಾಸ, ಉಪವಾಸ ಎಲ್ಲವೂ ಗೋಂದಿನ ಪಾಲು. ಆ ಚಿತ್ರ ಬರೆದವರು ಯಾರೆಂದು ಮೇಷ್ಟ್ರೂ ಕೇಳಲಿಲ್ಲ, ನಾವೂ ಕೇಳಲಿಲ್ಲ.

ಈಗ ನಾನೇ ವಿಜ್ಞಾನದ ಮೇಡಂ. ಕತ್ತರಿ ಹೋಗಿ ಮೌಸು ಬಂದಿದೆ. ಕ್ಲಾಸಿನೊಳಗೆ ಪಾಠಕ್ಕೆಂದು ಯಾರದೋ ಚಿತ್ರ ಬಳಸಿದರೆ 1957ರ ಕೃತಿಸ್ವಾಮ್ಯ ಕಾಯಿದೆ ತಕರಾರು ಮಾಡುವುದಿಲ್ಲ. ಕಲಿಸುವವರಿಗೂ ಕಲಿಯುವವರಿಗೂ 52ನೇ ಕಲಂನಲ್ಲಿ ರಿಯಾಯಿತಿ ಇದೆ. ಕಷ್ಟ ಶುರುವಾಗುವುದು, ನೋಟ್ಸು ಚೆನ್ನಾಗಿದೆ ಅಂತ ನಾಲ್ಕು ಜನ ಹೊಗಳಿ, ಅದನ್ನು ನೆಟ್‌ಗೆ ಹಾಕುವ ಆಸೆ ಹುಟ್ಟಿದಾಗ.

ಗೀಜಗನ ಗೂಡು ಬೇಕಿತ್ತು. ಮೊದಲು ಸಿಕ್ಕಿದ್ದು ಮಾರಾಟದ ಚಿತ್ರ. ಗೂಡಿನ ಬಾಯಿಗೆ ಸರಿಯಾಗಿ ಅಡ್ಡಡ್ಡ ಕಂಪನಿ ಹೆಸರು. ಹಕ್ಕಿ ಒಳಗೆ ಹೋಗುವುದಾದರೂ ಹೇಗೆ? ಅಲ್ಲಿಂದ ವಿಕಿಮೀಡಿಯ ಕಾಮನ್ಸ್‌ಗೆ ಹೋದೆ. 2004ರಲ್ಲಿ ಶುರುವಾದ ಆ ಭಂಡಾರದಲ್ಲಿ ಈಗ ಹತ್ತು ಕೋಟಿಗೂ ಮೀರಿ ಕಡತಗಳಿವೆ. ಕನ್ನಡದಲ್ಲಿ ಕೇಳಿದರೆ ಅಲ್ಲೊಂದು ಇಲ್ಲೊಂದು. 'ಪ್ಲೋಸಿಯಸ್ ಫಿಲಿಪ್ಪಿನಸ್' ಎಂದು ಗೀಜಗನ ವೈಜ್ಞಾನಿಕ ಹೆಸರಿನ ಮಂತ್ರ ಹೇಳಿದರೆ ಗೂಡುಗಳ ಸಾಲೇ ಇಳಿಯುತ್ತದೆ. ಒಂದರಲ್ಲಿ ಗಂಡು ಗೀಜಗ ಹಸಿರು ಗರಿಯ ಸೀಳೊಂದನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು ತಲೆಕೆಳಗಾಗಿ ಜೋತಾಡುತ್ತಿತ್ತು. ಗೂಡು ಅರ್ಧವಾಗಿದೆ, ಬಾಗಿಲ ಕೊಳವೆ ಇನ್ನೂ ಇಳಿದಿಲ್ಲ, ಒಳಗೋಡೆ ಕಾಣುತ್ತದೆ. ನಮ್ಮೂರ ಕೆರೆ ಏರಿಯ ಈಚಲ ಮರಗಳಲ್ಲಿ ಇಂಥವು ಬೇಕಾದಷ್ಟಿದ್ದವು. ಮರ ಹೋಗಿ ಲೇಔಟು ಬಂತು. ಒಂದು ಫೋಟೊ ತೆಗೆದಿಡೋಣ ಎಂದು ಆಗ ಯಾರಿಗೂ ಹೊಳೆಯಲಿಲ್ಲ. ದಿನಾ ಕಾಣುವುದನ್ನು ಯಾರು ಫೋಟೊ ತೆಗೆಯುತ್ತಾರೆ?

ಚಿತ್ರ ಪುಕ್ಕಟೆಯೇ ಆದರೂ ಷರತ್ತು ಇದ್ದೇ ಇದೆ. ಕ್ರಿಯೇಟಿವ್ ಕಾಮನ್ಸ್ ಸಂಸ್ಥೆ 2002ರಿಂದ ಹಂಚುತ್ತಿರುವ ಪರವಾನಗಿಗಳಿಗೆ ಎರಡೆರಡು ಅಕ್ಷರದ ಬಾಲಗಳು. 'ಬಿವೈ' ಎಂದರೆ ಚಿತ್ರ ಯಾರದೋ ಅವರ ಹೆಸರು ಹಾಕಬೇಕು. 'ಎನ್‌ಸಿ' ಎಂದರೆ ದುಡ್ಡು ಮಾಡಕೂಡದು; ಸರ್ಕಾರಿ ಶಾಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 'ಎಸ್‌ಎ' ನನಗೆ ತುಂಬ ಇಷ್ಟ. ಪಕ್ಕದ ಮನೆಯಿಂದ ಹೆಪ್ಪಿಗೆ ಮಜ್ಜಿಗೆ ತಂದವರು, ನಾಳೆ ಇನ್ಯಾರೋ ಲೋಟ ಹಿಡಿದು ಬಂದರೆ ಇಲ್ಲ ಅನ್ನಬಾರದು, ಅಷ್ಟೇ. ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಬಿಟ್ಟುಕೊಟ್ಟದ್ದು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲೇ. ನನ್ನ ಸಿಟ್ಟೆಲ್ಲ 'ಎನ್‌ಡಿ' ಮೇಲೆ. ಇದ್ದದ್ದನ್ನು ಇದ್ದಂತೆ ಹಂಚು, ಕೈಯಾಡಿಸಬೇಡ ಎನ್ನುತ್ತದೆ ಅದು. ಹೃದಯದ ಸೊಗಸಾದ ಚಿತ್ರ ಸಿಗುತ್ತದೆ, ಆದರೆ ಇಂಗ್ಲಿಷ್ ಅಳಿಸಿ 'ಹೃತ್ಕರ್ಣ', 'ಹೃತ್ಕುಕ್ಷಿ' ಎಂದು ಬರೆದು ಹಂಚುವಂತಿಲ್ಲ. ಕನ್ನಡ ಮೀಡಿಯಂ ಮಕ್ಕಳಿಗೆ ಅಂಥ ಹೃದಯ ಇದ್ದರೆಷ್ಟು, ಬಿಟ್ಟರೆಷ್ಟು? ಪುಣ್ಯಕ್ಕೆ ಎನ್‌ಸಿ, ಎನ್‌ಡಿ ಎರಡನ್ನೂ ವಿಕಿಮೀಡಿಯ ಕಾಮನ್ಸ್‌ನವರು ಹೊಸ್ತಿಲು ದಾಟಲು ಬಿಡುವುದಿಲ್ಲ.

ನೋಟ್ಸಿನ ಕೊನೆಯ ಪುಟದಲ್ಲಿ 'ಚಿತ್ರಕೃಪೆ' ಎಂದು ಬರೆದು ಎಲ್ಲರ ಹೆಸರೂ ಹಾಕಿದೆ. ಕಪ್ಪೆಮೊಟ್ಟೆ ಕೊಟ್ಟವರು ಜರ್ಮನಿಯವರು. ಗೀಜಗನನ್ನು ಕೊಟ್ಟವರು ಸ್ವಂತ ಹೆಸರಿನ ಬದಲು ಯಾವುದೋ ಹದ್ದಿನ ಹೆಸರಿಟ್ಟುಕೊಂಡಿದ್ದಾರೆ. ನಮ್ಮ ಹೆಡ್‌ಮಾಸ್ಟರು ಆ ಪುಟವನ್ನು ಮೇಲಿಂದ ಕೆಳಗೆ ಓದಿದರು.

"ಇವರೆಲ್ಲ ದಾನಿಗಳಾ ಮೇಡಂ?"

ನಮ್ಮ ಶಾಲೆಯಲ್ಲಿ ಫ್ಯಾನು, ಬೆಂಚು, ನೀರಿನ ಡ್ರಮ್ಮು ಕೊಟ್ಟವರ ಹೆಸರು ಅವುಗಳ ಮೇಲೇ ಪೇಂಟಾಗಿರುತ್ತದೆ. ಒಂದು ಟ್ಯೂಬ್‌ಲೈಟಿನ ಮೇಲಂತೂ ದಾನಿಯ ತಂದೆ, ತಾಯಿ, ಮನೆದೇವರೆಲ್ಲ ಸೇರಿಕೊಂಡು ಬೆಳಕಿಗೆ ಜಾಗವೇ ಉಳಿದಿಲ್ಲ.

"ಒಂಥರಾ ಹೌದು ಸಾರ್," ಅಂದೆ.

"ಹಂಗಾದ್ರೆ ಆಗಸ್ಟ್ ಹದಿನೈದಕ್ಕೆ ಕರೆಸಿ ಶಾಲು ಹೊದಿಸಿಬಿಡೋಣ. ಜರ್ಮನಿಯವರದು ದೂರ ಆಯ್ತು ಬಿಡಿ. ಈ ಹದ್ದಿನವರ ಫೋನ್ ನಂಬರ್ ಇಸ್ಕೊಳ್ಳಿ."