ಕತ್ತಿ ಮಸೆದ ಹೊಳೆಗಳ ಊರು

ಷೆಫೀಲ್ಡ್ ರೈಲ್ವೆ ನಿಲ್ದಾಣದಿಂದ ಹೊರಬಂದವರ ಕಣ್ಣಿಗೆ ಮೊದಲು ಬೀಳುವುದು ಒಂದು ಉಕ್ಕಿನ ಗೋಡೆ. ಸುಮಾರು 90 ಮೀಟರ್ ಉದ್ದ, ಬಳುಕುವ ಮೈ, ಕನ್ನಡಿಯಂಥ ಹೊಳಪು. ಮೈಮೇಲೆ ತೆಳ್ಳಗೆ ನೀರು ಹರಿಯುತ್ತಿರುತ್ತದೆ. 2006ರಲ್ಲಿ ನಿಲ್ಲಿಸಿದ ಈ ಶಿಲ್ಪದ ಹೆಸರು 'ಕಟಿಂಗ್ ಎಡ್ಜ್'. ಕತ್ತಿಯ ಬಾಯಿ ಎನ್ನಬಹುದು. ಊರಿಗೆ ಇದಕ್ಕಿಂತ ಒಪ್ಪುವ ಹೆಸರುಹಲಗೆ ಬೇರೊಂದಿರಲಾರದು.

ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದಿಂದ ರೈಲಿನಲ್ಲಿ ಸುಮಾರು ಎರಡು ಗಂಟೆಯ ದಾರಿ. ಬೆಟ್ಟಗುಡ್ಡಗಳ ನಡುವೆ ಡಾನ್, ಷೀಫ್, ಪೋರ್ಟರ್, ಲಾಕ್ಸ್‌ಲಿ, ರಿವೆಲಿನ್ ಎಂಬ ಐದು ಹೊಳೆಗಳು. ಷೀಫ್ ಹೊಳೆಯಿಂದಲೇ ಊರಿಗೆ ಹೆಸರು. ಆ ಹೊಳೆ ಈಗ ರೈಲ್ವೆ ನಿಲ್ದಾಣದ ಅಡಿಯಲ್ಲಿ ಕತ್ತಲಲ್ಲಿ ಹರಿಯುತ್ತದೆ. 14ನೇ ಶತಮಾನದ ಕವಿ ಛಾಸರ್ ತನ್ನ ಕಥೆಯೊಂದರಲ್ಲಿ ಗಿರಣಿಯವನ ಕಾಲುಚೀಲದೊಳಗೆ ಸಿಕ್ಕಿಸಿದ್ದು ಷೆಫೀಲ್ಡಿನ ಚಾಕುವನ್ನೇ. 1624ರಲ್ಲಿ ಚಾಕು ಕತ್ತರಿ ಮಾಡುವವರ ಸಂಘಕ್ಕೆ ಪಾರ್ಲಿಮೆಂಟಿನ ಕಾಯಿದೆಯಿಂದ ಮನ್ನಣೆ ಸಿಕ್ಕಿತು. ಆ ಸಂಘ ಇಂದಿಗೂ ಇದೆ.

ಹೊಳೆಗಳು ದೊಡ್ಡವಲ್ಲ. ಕೆಲವೆಡೆ ಮಕ್ಕಳು ದಾಟಿಯಾರು. ಆದರೆ ಇಳಿಜಾರು ಚೆನ್ನಾಗಿದೆ. ಮೈಲಿಗೆ ನಾಲ್ಕಾರು ಕಡೆ ಕಟ್ಟೆ ಹಾಕಿ, ನೀರು ತಿರುಗಿಸಿ, ಚಕ್ರ ಕೂರಿಸಲು ಅಷ್ಟು ಸಾಕು. ಒಂದು ಕಾಲಕ್ಕೆ ಈ ಐದು ಹೊಳೆಗಳ ದಂಡೆಯಲ್ಲಿ ನೂರಕ್ಕೂ ಹೆಚ್ಚು ನೀರುಚಕ್ರಗಳು ತಿರುಗುತ್ತಿದ್ದವು. ಅವುಗಳಲ್ಲಿ ಹೆಚ್ಚಿನವು ತಿರುಗಿಸಿದ್ದು ಹಿಟ್ಟಿನ ಕಲ್ಲನ್ನಲ್ಲ, ಸಾಣೆಕಲ್ಲನ್ನು!

ಶೆಪರ್ಡ್ ವೀಲ್

ಊರ ಪಶ್ಚಿಮಕ್ಕೆ, ಪೋರ್ಟರ್ ಹೊಳೆಯ ಮರಗಳ ನೆರಳಿನಲ್ಲಿ 'ಶೆಪರ್ಡ್ ವೀಲ್' ಎಂಬ ಹಳೆಯ ಸಾಣೆಮನೆ ಉಳಿದುಕೊಂಡಿದೆ. 1584ರ ಒಂದು ಉಯಿಲಿನಲ್ಲಿಯೇ ಇಲ್ಲಿನ ಚಕ್ರದ ಪ್ರಸ್ತಾಪವಿದೆ. 18ನೇ ಶತಮಾನದ ಕೊನೆಗೆ ಇದನ್ನು ಗುತ್ತಿಗೆ ಹಿಡಿದಿದ್ದ ಶೆಪರ್ಡ್ ಎಂಬಾತನ ಹೆಸರೇ ಉಳಿಯಿತು. 1930ರವರೆಗೆ ಕೆಲಸ ನಡೆಯಿತು. ಆಮೇಲೆ ಹಾಳುಬಿದ್ದು, ದುರಸ್ತಿಯಾಗಿ, 2012ರಲ್ಲಿ ವಸ್ತುಸಂಗ್ರಹಾಲಯವಾಗಿ ಮತ್ತೆ ತೆರೆಯಿತು. ಸುಮಾರು 18 ಅಡಿ ವ್ಯಾಸದ ಚಕ್ರದ ನೆತ್ತಿಗೆ ಕೆರೆಯ ನೀರು ಬೀಳುತ್ತದೆ. ಒಳಗೆ ಪಟ್ಟಿಗಳು ಓಡುತ್ತವೆ, ಕಲ್ಲುಗಳು ತಿರುಗುತ್ತವೆ.

ಸಾಣೆ ಹಿಡಿಯುವವನು ಕುದುರೆ ಏರಿದಂತೆ ಮರದ ಪೀಠದ ಮೇಲೆ ಕಾಲು ಇಳಿಬಿಟ್ಟು ಕೂರುತ್ತಿದ್ದ. ಎದುರಿಗೇ ಮರಳುಗಲ್ಲಿನ ಚಕ್ರ. ಮೊಳಕೈ ಮೊಣಕಾಲಿಗೆ ಊರಿ, ಮುಂದಕ್ಕೆ ಬಾಗಿ ಅಲಗನ್ನು ಕಲ್ಲಿಗೆ ಒತ್ತಬೇಕು. ಬಾಯಿ ಮೂಗು ಕಲ್ಲಿನಿಂದ ಒಂದೆರಡು ಅಡಿ ದೂರವಷ್ಟೆ. ಕಲ್ಲು ಸವೆದ ಪುಡಿಯೆಲ್ಲ ಎಲ್ಲಿಗೆ ಹೋಗಬೇಕು? ಎದೆಯೊಳಕ್ಕೇ.

ಮರಳುಗಲ್ಲು ಎಂದರೆ ಬಹುಪಾಲು ಸಿಲಿಕಾ. ಅದರ ಅತಿ ಸೂಕ್ಷ್ಮ ಪುಡಿ ಶ್ವಾಸಕೋಶದ ತುದಿಗೂಡುಗಳಲ್ಲಿ ಸಿಕ್ಕಿಕೊಂಡರೆ ದೇಹ ಅದನ್ನು ಕರಗಿಸಲಾರದು. ಸುತ್ತ ಗಾಯದ ಗಂಟು ಕಟ್ಟುತ್ತಾ ಹೋಗುತ್ತದೆ. ಇದೇ ಸಿಲಿಕೋಸಿಸ್. ಆಗ ಷೆಫೀಲ್ಡಿನವರು ಇದನ್ನು 'ಸಾಣೆಯವರ ಉಬ್ಬಸ' ಎನ್ನುತ್ತಿದ್ದರು. ಊರಿನ ವೈದ್ಯ ಡಾ. ನೈಟ್ ಬರೆದಿಟ್ಟದ್ದನ್ನು ಫ್ರೆಡರಿಕ್ ಎಂಗೆಲ್ಸ್ 1845ರ ತನ್ನ ಪುಸ್ತಕದಲ್ಲಿ ಎತ್ತಿಕೊಂಡಿದ್ದಾನೆ. ಊಟದ ಫೋರ್ಕುಗಳನ್ನು ಒಣಕಲ್ಲಿನಲ್ಲಿ ಉಜ್ಜುವವರು 28ರಿಂದ 32ನೇ ವಯಸ್ಸಿನೊಳಗೆ ಸಾಯುತ್ತಿದ್ದರು. ಒಣಗಲ್ಲು ಹಸಿಗಲ್ಲು ಎರಡನ್ನೂ ಬಳಸುವ ರೇಜರಿನವರು 40ರಿಂದ 45. ಹಸಿಗಲ್ಲಿನಲ್ಲಿ ಊಟದ ಚಾಕು ಮಸೆಯುವವರು 40ರಿಂದ 50. ಕಲ್ಲಿಗೆ ನೀರು ತಾಗಿದಷ್ಟೂ ಆಯುಸ್ಸು ಉದ್ದವಾಯಿತು ಎಂಬುದನ್ನು ಈ ಅಂಕಿಗಳೇ ಹೇಳುತ್ತವೆ. ಇನ್ನೊಂದು ಮಾತೂ ಅಲ್ಲಿದೆ: ಕುಡಿದು ಕೆಲಸ ತಪ್ಪಿಸುವವರೇ ಹೆಚ್ಚು ದಿನ ಬದುಕುತ್ತಿದ್ದರಂತೆ. ಹೆಂಡದ ಗುಣವಲ್ಲ, ಆ ದಿನಗಳಲ್ಲಿ ಧೂಳು ಕುಡಿಯುತ್ತಿರಲಿಲ್ಲ, ಅಷ್ಟೆ.

ಉಪಾಯ ಹುಡುಕಿದವರಿಲ್ಲದೆ ಇಲ್ಲ. 1820ರ ದಶಕದ ಆರಂಭದಲ್ಲಿ ಷೆಫೀಲ್ಡಿನ ಅಬ್ರಹಾಂ ಎಂಬುವರು ಮುಖದ ಬಳಿ ಅಯಸ್ಕಾಂತ ಇಟ್ಟು ಧೂಳನ್ನು ಹಿಡಿಯುವ ಸಾಧನ ಮಾಡಿದರು. ಅದಕ್ಕೆ ಪದಕವೂ ಬಂತು. ಆದರೆ ಅಯಸ್ಕಾಂತ ಎಳೆಯುವುದು ಉಕ್ಕಿನ ಪುಡಿಯನ್ನು. ಕೊಲ್ಲುತ್ತಿದ್ದದ್ದು ಕಲ್ಲಿನ ಪುಡಿ! ವಿಜ್ಞಾನ ಓದುವ ಹುಡುಗರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಅಯಸ್ಕಾಂತಕ್ಕೆ ದಿನವೂ ಕಪ್ಪು ಪುಡಿ ಮೆತ್ತಿಕೊಂಡು ಸಾಧನ ಕೆಲಸ ಮಾಡುತ್ತಿದೆ ಎಂದೇ ಕಾಣುತ್ತಿತ್ತು. ಧೂಳನ್ನು ಹೊರಗೆ ಎಳೆಯುವ ಬೀಸಣಿಗೆ ಚಕ್ರ ಬಂದಾಗ ಕೆಲವು ಕೆಲಸಗಾರರೇ ಅದನ್ನು ಬೇಡವೆಂದರು. ಕಸುಬು ಸುರಕ್ಷಿತವಾದರೆ ಜನ ನುಗ್ಗುತ್ತಾರೆ, ಕೂಲಿ ಇಳಿಯುತ್ತದೆ ಎಂಬ ಭಯ ಅವರಿಗೆ! ಹೊಟ್ಟೆಪಾಡಿನ ಈ ಲೆಕ್ಕವನ್ನು ಹೊರಗೆ ನಿಂತು ಮೂರ್ಖತನ ಎನ್ನುವುದು ಸುಲಭ.

ಮೂಸೆಯೊಳಗಿನ ಉಕ್ಕು

ಷೀಫ್ ಹೊಳೆಯ ಗುಂಟ ನೈಋತ್ಯಕ್ಕೆ ಹೋದರೆ ಆಬಿಡೇಲ್ ಕುಲುಮೆ ಕೇರಿ ಸಿಗುತ್ತದೆ. ಮಣ್ಣಿನ ಮೂಸೆಯಲ್ಲಿ ಉಕ್ಕು ಕರಗಿಸುತ್ತಿದ್ದ ಕುಲುಮೆ ಇಲ್ಲಿ ಇದ್ದಂತೆಯೇ ಉಳಿದಿದೆ. 1740ರ ದಶಕದಲ್ಲಿ ಈ ವಿಧಾನವನ್ನು ಇಲ್ಲಿ ಬೆಳೆಸಿದವನು ಬೆಂಜಮಿನ್ ಹಂಟ್ಸ್‌ಮನ್, ಕಸುಬಿನಿಂದ ಗಡಿಯಾರದವನು. ಗಡಿಯಾರದ ಸ್ಪ್ರಿಂಗಿಗೆ ಒಳ್ಳೆಯ ಉಕ್ಕು ಬೇಕಾಗಿತ್ತು. ಮೂಸೆಯಲ್ಲಿ ಪೂರಾ ಕರಗಿದ ಉಕ್ಕಿನಲ್ಲಿ ಇಂಗಾಲ ಎಲ್ಲೆಡೆ ಸಮವಾಗಿ ಬೆರೆಯುತ್ತದೆ, ಕಿಟ್ಟ ಮೇಲೆ ತೇಲುತ್ತದೆ. ನೂರಕ್ಕೆ ಒಂದು, ಒಂದೂವರೆ ಭಾಗ ಇಂಗಾಲವಿರುವ ಇಂಥ ಉಕ್ಕು ರೇಜರಿಗೆ ಹೇಳಿ ಮಾಡಿಸಿದ್ದು.

ಮೂಸೆಯ ಉಕ್ಕು ಕನ್ನಡ ನಾಡಿಗೆ ಹೊಸದೇ? ಹಂಟ್ಸ್‌ಮನ್ನನಿಗಿಂತ ನೂರಾರು ವರ್ಷ ಮೊದಲೇ ದಕ್ಷಿಣ ಭಾರತದಲ್ಲಿ ಅದು ತಯಾರಾಗುತ್ತಿತ್ತು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್, ಮಣ್ಣಿನ ಸಣ್ಣ ಮೂಸೆಗಳಲ್ಲಿ ಕಬ್ಬಿಣದ ತುಂಡಿನ ಜೊತೆ ತಂಗಡಿ ಗಿಡದ ಕಟ್ಟಿಗೆ ಇಟ್ಟು, ಬಾಯಿ ಮುಚ್ಚಿ ಕಾಯಿಸುವುದನ್ನು ದಾಖಲಿಸಿದ್ದಾನೆ. ಆ ಉಕ್ಕಿಗೆ ಇಂಗ್ಲಿಷಿನವರು ಕೊಟ್ಟ ಹೆಸರು 'ವೂಟ್ಸ್'. ಅದು 'ಉಕ್ಕು' ಎಂಬ ಕನ್ನಡ ಮಾತಿನದೇ ಕೆಟ್ಟ ರೂಪ ಎಂಬುದು ಅನೇಕ ವಿದ್ವಾಂಸರ ಮತ. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಅದರ ಬಗ್ಗೆ ಪ್ರಬಂಧ ಓದಲಾಯಿತು.

ಆಮೇಲೆ ಅದರ ಬೆನ್ನು ಹತ್ತಿದವನು ಯಾರೆಂದರೆ ಮೈಕೇಲ್ ಫ್ಯಾರಡೆ! ವಿದ್ಯುತ್ತಿನ ಪಾಠದಲ್ಲಿ ಬರುವ ಅದೇ ಫ್ಯಾರಡೆ, ಕಮ್ಮಾರನ ಮಗ. ಕತ್ತಿ ಕಸುಬಿನ ಜೇಮ್ಸ್ ಸ್ಟೋಡಾರ್ಟ್ ಜೊತೆ ಸೇರಿ ವೂಟ್ಸನ್ನು ಪರೀಕ್ಷಿಸಿ, ಉಕ್ಕಿಗೆ ಬೆಳ್ಳಿ, ರೋಡಿಯಂ ಮುಂತಾದವನ್ನು ಬೆರೆಸಿ ನೋಡಿ 1820 ಮತ್ತು 1822ರಲ್ಲಿ ಪ್ರಬಂಧ ಪ್ರಕಟಿಸಿದ. ದೊಡ್ಡ ಪ್ರಮಾಣದ ಕರಗಿಸುವಿಕೆ ನಡೆದದ್ದು ಷೆಫೀಲ್ಡಿನಲ್ಲಿ. ಆ ಮಿಶ್ರಲೋಹದಿಂದ ಮಾಡಿದ ರೇಜರುಗಳನ್ನು ಫ್ಯಾರಡೆ ಗೆಳೆಯರಿಗೆ ಕಾಣಿಕೆ ಕೊಡುತ್ತಿದ್ದನೆಂದು ಅವನ ಶಿಷ್ಯಸಮಾನ ಜಾನ್ ಟಿಂಡಾಲ್ ಬರೆದಿದ್ದಾನೆ.

ಡಬ್ಬಿಯೊಳಗೆ ಸಾಣೆಮನೆ

ಇಷ್ಟು ಕಷ್ಟದಿಂದ ಹುಟ್ಟಿದ ಅಲಗನ್ನು ಯಾರೂ ಒಂದು ವಾರ ಬಳಸಿ ಬಿಸಾಡುತ್ತಿರಲಿಲ್ಲ. ಬರಿಯ ಕ್ಷೌರದ ಕತ್ತಿಗೆ ಕೈ ಪಳಗಬೇಕು. ಆ ಭಯ ನೀಗಲು 1880ರಲ್ಲಿ ನ್ಯೂಯಾರ್ಕಿನ ಕಾಂಫೆ ಸೋದರರು ಒಂದೇ ಬಾಯಿಯ ತುಂಡು ಅಲಗಿನ ಮುಂದೆ ಕಾವಲು ಕಂಬಿ ಇಟ್ಟ 'ಸ್ಟಾರ್' ರೇಜರಿಗೆ ಪೇಟೆಂಟ್ ಪಡೆದರು. ಅದನ್ನೂ ದಿನವೂ ಚರ್ಮಕ್ಕೆ ತೀಡಲೇಬೇಕಿತ್ತು.

ಈ ಜಾತಿಯಲ್ಲಿ ಅತ್ಯಂತ ಜಾಣತನದ್ದು ಬ್ರಿಟನ್ನಿನ 'ರೋಲ್ಸ್ ರೇಜರ್'. (ಕಾರಿನ ರೋಲ್ಸ್ ಅಲ್ಲ.) ಲಂಡನ್ನಿನ ಕ್ರಿಕಲ್‌ವುಡ್ಡಿನ ಕಾರ್ಖಾನೆಯಲ್ಲಿ ತಯಾರಾದರೂ ಅಲಗು ಷೆಫೀಲ್ಡ್ ಉಕ್ಕಿನದೆಂದು ಜಾಹೀರಾತುಗಳು ಹೇಳಿಕೊಳ್ಳುತ್ತಿದ್ದವು. ಷೆಫೀಲ್ಡಿನ ಆಬಿಡೇಲ್ ರಸ್ತೆಯಂಥ ಹಳೆ ಸಾಮಾನಿನ ಅಂಗಡಿ ಸಾಲುಗಳಲ್ಲಿ, ಬ್ರಿಟನ್ನಿನ ಭಾನುವಾರದ ಸಂತೆಗಳಲ್ಲಿ ಈಗಲೂ ಸಿಗುವಂಥದು. ಕನ್ನಡಕದ ಡಬ್ಬಿಯಷ್ಟು ದೊಡ್ಡದಾದ ಬೆಳ್ಳಿಬಣ್ಣದ ಲೋಹದ ಪೆಟ್ಟಿಗೆ. ಒಂದು ಮುಚ್ಚಳದ ಒಳಮೈಗೆ ಸಾಣೆಕಲ್ಲು, ಇನ್ನೊಂದರ ಒಳಮೈಗೆ ಚರ್ಮ. ನಡುವೆ ಅಲಗು. ಒಂದು ಮುಚ್ಚಳ ತೆಗೆದು ಹಿಡಿಕೆಯನ್ನು ಹಿಂದೆ ಮುಂದೆ ನೂಕಿದರೆ ಅಲಗು ಚರ್ಮದ ಮೇಲೆ ಓಡುತ್ತದೆ. ತುದಿ ಮುಟ್ಟಿದ ಕೂಡಲೇ ಹಲ್ಲುಚಕ್ರ ಅದನ್ನು ತಾನೇ ಮಗುಚುತ್ತದೆ. ಟಕಾ ಟಕ್, ಟಕಾ ಟಕ್ ಎಂಬ ಆ ಸದ್ದಿಗೆ ಬೆಳಿಗ್ಗೆ ಮನೆಮಂದಿಯೆಲ್ಲ ಏಳಬೇಕು!

ಹಳೆಯದನ್ನು ಕೊಂಡು ಪ್ರಯೋಗಕ್ಕೆ ಇಳಿಯುವವರಿಗೆ ಮೊದಲ ದಿನವೇ ನುಣುಪು ಸಿಗುವುದು ಅಪರೂಪ. ಬೇರೊಬ್ಬರ ಮುಖ ಕಂಡ ಅಲಗು. ಮೊದಲು ಸ್ಪಿರಿಟ್ಟಿನಲ್ಲಿ ಚೆನ್ನಾಗಿ ಶುದ್ಧಿ ಮಾಡಬೇಕು. ತುಕ್ಕು ಬಾಯಿಯನ್ನೇ ತಿಂದಿದ್ದರೆ ಅದು ಷೋಕೇಸಿಗೇ ಸರಿ. ಚರ್ಮ ಒಣಗಿ ಬಿರುಕುಬಿಟ್ಟಿದ್ದರೆ ತೀಡಿದಷ್ಟೂ ಹರಿತ ಕೆಡುತ್ತದೆ. ಒಂದೆರಡು ಹನಿ ಎಣ್ಣೆ ಕುಡಿಸಿ ಮೆತ್ತಗಾಗಲು ಬಿಡಬೇಕು. ಆಮೇಲೆ ಕಲ್ಲಿಗೆ ಕೆಲವು ಸಲ, ಚರ್ಮಕ್ಕೆ ಇಪ್ಪತ್ತು ಮೂವತ್ತು ಸಲ. ಅಲಗನ್ನು ಕಳಚಿ ಹಿಡಿಗೆ ಸಿಕ್ಕಿಸಿ, ಬಿಸಿನೀರಿನಲ್ಲಿ ಗಡ್ಡ ನೆನೆಸಿ, ಚರ್ಮ ಬಿಗಿ ಹಿಡಿದು, ಒತ್ತದೆ ಎಳೆಯಬೇಕು. ಭಾರವೇ ಕೆಲಸ ಮಾಡುತ್ತದೆ. ಇಂದಿನ ಹಗುರ ರೇಜರಿಗೆ ಒಗ್ಗಿದ ಕೈ ಒತ್ತಿಯೇ ಒತ್ತುತ್ತದೆ, ಗಲ್ಲದ ಕೆಳಗೆ ರಕ್ತ ಜಿನುಗುತ್ತದೆ. ಪಟಿಕದ ಹರಳು ಹತ್ತಿರವಿರಲಿ. ಮೀಸೆ ಚಿಗುರುತ್ತಿರುವ ಹುಡುಗರ ಮೊದಲ ಪ್ರಯೋಗಕ್ಕಂತೂ ಇದು ತಕ್ಕದ್ದಲ್ಲ. ವಾರ ಕಳೆದ ಮೇಲೆ ಕೈಗೆ ಕೋನ ಸಿಕ್ಕಿದರೆ ಕೂದಲು ಕತ್ತರಿಸುವ ಸಣ್ಣ ಚರಚರ ಸದ್ದಿನಿಂದಲೇ ಅಲಗಿನ ಸ್ಥಿತಿ ತಿಳಿಯುತ್ತದೆ.

ಚರ್ಮ ಮಾಡುವುದೇನು?

ಉಕ್ಕಿಗಿಂತ ಎಷ್ಟೋ ಮೆತ್ತಗಿನ ಚರ್ಮ ಉಕ್ಕನ್ನು ಹೇಗೆ ಹರಿತ ಮಾಡೀತು? ನಿಜ ಹೇಳಬೇಕೆಂದರೆ ಹೊಸ ಬಾಯಿಯನ್ನು ಅದು ಕಟ್ಟುವುದಿಲ್ಲ. ಅದು ಕಲ್ಲಿನ ಕೆಲಸ. ಮಸೆದಾಗ ಅಂಚಿನಲ್ಲಿ ಉಳಿಯುವ ಅತಿ ತೆಳು ಲೋಹದ ಎಳೆಯನ್ನು ಚರ್ಮ ತೆಗೆಯುತ್ತದೆ, ಬಳಸಿ ಬಾಗಿದ ಅಂಚನ್ನು ನೇರ ಮಾಡುತ್ತದೆ, ಒಂದಿಷ್ಟು ಹೊಳಪು ಕೊಡುತ್ತದೆ. ಆದ್ದರಿಂದಲೇ ಚರ್ಮದ ಮೇಲೆ ಕತ್ತಿಯ ಬೆನ್ನು ಮುಂದೆ, ಬಾಯಿ ಹಿಂದೆ. ಅದಲುಬದಲಾದರೆ ಕತ್ತಿ ಚರ್ಮವನ್ನೇ ಸೀಳುತ್ತದೆ.

ಕೂದಲು ಉಕ್ಕನ್ನು ಮೊಂಡಾಗಿಸುವುದಾದರೂ ಹೇಗೆ? ಬ್ಲೇಡಿನ ಉಕ್ಕು ಕೂದಲಿಗಿಂತ ಸುಮಾರು 50 ಪಟ್ಟು ಗಟ್ಟಿ. 2020ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ರೊಷೋಲಿ, ತಾಸನ್ ಮತ್ತವರ ಸಂಗಡಿಗರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದೊಳಗೇ ಕೂದಲು ಕತ್ತರಿಸಿ ನೋಡಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಅಂಚು ಸಮವಾಗಿ ಸವೆಯುವುದಕ್ಕಿಂತ ಸಣ್ಣ ಸಣ್ಣ ಚಕ್ಕೆಗಳಾಗಿ ಸಿಡಿಯುತ್ತದೆ. ಕೂದಲು ಬಾಗಿ ಓರೆಯಾಗಿ ತಾಗಬೇಕು, ಆ ಜಾಗದಲ್ಲಿ ಉಕ್ಕಿನ ಒಳರಚನೆ ಏಕರೂಪವಾಗಿರಬಾರದು, ಅಂಚಿನ ದುರ್ಬಲ ಬಿಂದುವಿನ ಬದಿಗೇ ಕೂದಲು ಸಿಗಬೇಕು. ಇವೆಲ್ಲ ಕೂಡಿದಾಗ ಚಕ್ಕೆ ಹಾರುತ್ತದೆ. ಹಾರಿದ ಚಕ್ಕೆಯನ್ನು ಯಾವ ಚರ್ಮವೂ ಮರಳಿ ತರಲಾರದು. ಆಗ ಕಲ್ಲೇ ಗತಿ. ಪೆಟ್ಟಿಗೆಯಲ್ಲಿ ಎರಡೂ ಇಟ್ಟವನಿಗೆ ಸೂಕ್ಷ್ಮದರ್ಶಕ ಇರಲಿಲ್ಲ, ಅನುಭವವಿತ್ತು.

ಕಾಕತಾಳೀಯವೆಂದರೆ, ಚರ್ಮಕ್ಕೂ ಕಲ್ಲಿಗೂ ಮಂಗಳ ಹಾಡಿದವರಲ್ಲೊಬ್ಬನಾದ ವಿಲಿಯಂ ನಿಕರ್ಸನ್ ಓದಿದ್ದು ಅದೇ ಸಂಸ್ಥೆಯಲ್ಲಿ. 1895ರಲ್ಲಿ ಕಿಂಗ್ ಕ್ಯಾಂಪ್ ಜಿಲೆಟ್‌ಗೆ ಹೊಳೆದ ಬಿಸಾಡುವ ತೆಳು ಬ್ಲೇಡಿನ ಯೋಚನೆಯನ್ನು ತಯಾರಿಕೆಗೆ ಇಳಿಸಿದವನು ಅವನೇ. 1903ರಲ್ಲಿ ಮಾರಾಟ ಶುರು. ಮಸೆಯಬೇಡಿ, ತೀಡಬೇಡಿ ಎಂಬುದೇ ಅದರ ಘೋಷಣೆ. ಜನ ಒಪ್ಪಿದರು; ಬೆಳಗಿನ ಹತ್ತು ನಿಮಿಷ ಉಳಿಯಿತಲ್ಲ! ರೋಲ್ಸ್ ಕಂಪನಿ 1950ರ ದಶಕದ ಕೊನೆಗೆ ಜಾನ್ ಬ್ಲೂಮ್ ಎಂಬ ವ್ಯಾಪಾರಿಯ ಕೈಗೆ ಹೋಗಿ ಬಟ್ಟೆ ಒಗೆಯುವ ಯಂತ್ರ ಮಾರತೊಡಗಿತು. 1964ರಲ್ಲಿ ಮುಳುಗಿತು. ಸಾಣೆಯವರ ಬಾಳು ಹಸನಾದದ್ದು ಅದಕ್ಕೂ ಮೊದಲು ಮರಳುಗಲ್ಲಿನ ಬದಲು ಕೃತಕ ಸಾಣೆಚಕ್ರ, ಕಾಯಿದೆ, ಧೂಳು ಎಳೆಯುವ ಯಂತ್ರ ಬಂದದ್ದರಿಂದ. ಆದರೆ ಹಾಗೆ ಹಸನಾಗುವ ಹೊತ್ತಿಗೆ ರೇಜರಿನ ಕಸುಬೇ ಕರಗತೊಡಗಿತ್ತು.

ಪ್ರವಾಸಿಗಳಿಗೆ ಒಂದು ಮಾತು. ಡಾನ್ ಹೊಳೆಯ ಕೆಲಮ್ ಐಲೆಂಡ್ ವಸ್ತುಸಂಗ್ರಹಾಲಯವನ್ನು ಬಿಡಬಾರದು. ಚಾಕು ಕತ್ತರಿಗಳ ಹಾಲೆ ಸಂಗ್ರಹವೂ, 1905ರ, 12,000 ಅಶ್ವಶಕ್ತಿಯ ಉಗಿಯಂತ್ರವೂ ಅಲ್ಲಿವೆ. ಸಂತೆಯಲ್ಲಿ ರೋಲ್ಸ್ ಪೆಟ್ಟಿಗೆ ಸಿಕ್ಕಿ ಕೊಂಡವರು ಅದನ್ನು ವಿಮಾನದಲ್ಲಿ ಕೈಚೀಲದೊಳಗೆ ಇಡದೆ ದೊಡ್ಡ ಸೂಟ್‌ಕೇಸಿಗೇ ಹಾಕಬೇಕು. ಅದಕ್ಕೆ ಮುಂಚೆ ಅಲಗನ್ನು ಒರೆಸಿ, ಒಂದು ತೊಟ್ಟು ಎಣ್ಣೆ ಸವರಬೇಕು. ಅದು ಸ್ಟೇನ್‌ಲೆಸ್ ಅಲ್ಲ. ಊರು ತಲುಪುವುದರೊಳಗೆ ತುಕ್ಕು ಹಿಡಿದೀತು.