ಮೊಟ್ಟೆಗೆ ಹೆಸರಿಲ್ಲ

ನಾಯಿಯ ಮಲವನ್ನು ಗಾಢ ಉಪ್ಪುನೀರಿನಲ್ಲಿ ಕದಡಿಟ್ಟರೆ ಮೊಟ್ಟೆಗಳು ತೇಲಿ ಮೇಲೆ ಬರುತ್ತವೆ. ಮೈಕ್ರೋಸ್ಕೋಪಿನಡಿ ತೆಳು ಸಿಪ್ಪೆ, ಒಳಗೆ ದ್ರಾಕ್ಷಿಗೊಂಚಲಿನಂತೆ ನಾಲ್ಕೆಂಟು ಕೋಶ. ಕೊಕ್ಕೆಹುಳುವಿನದೇ, ಸಂಶಯವಿಲ್ಲ. ಆದರೆ ಯಾವ ಪ್ರಭೇದದ್ದು? ಕೆನೈನಮ್, ಬ್ರೆಜಿಲಿಯೆನ್ಸೆ, ಸಿಲಾನಿಕಮ್ ಮೂರರದೂ ಒಂದೇ ಅಚ್ಚು.

ಬೆಳೆದ ಹುಳು ಸಿಕ್ಕರೆ ಹಲ್ಲು ಎಣಿಸಬಹುದು. ಕೆನೈನಮ್‌ಗೆ ಮೂರು ಜೊತೆ. ಉಳಿದೆರಡಕ್ಕೂ ಒಂದು ದೊಡ್ಡ ಜೊತೆ, ಒಳಗೊಂದು ಪುಟ್ಟ ಜೊತೆ. ಆ ಪುಟ್ಟದ್ದು ಎಷ್ಟು ಪುಟ್ಟದು ಎಂಬುದರಲ್ಲೇ ಇದೆ ವ್ಯತ್ಯಾಸ! ಸಿಲೋನಿನಲ್ಲಿ ಸಿಕ್ಕಿದ್ದಕ್ಕೆ ವಿಜ್ಞಾನಿ ಲೂಸ್ 1911ರಲ್ಲಿ ಸಿಲಾನಿಕಮ್ ಎಂದು ಹೆಸರಿಟ್ಟರು. ಆಮೇಲೆ ದಶಕಗಟ್ಟಲೆ ಅದನ್ನು ಬ್ರೆಜಿಲಿಯೆನ್ಸೆಯ ಲೆಕ್ಕಕ್ಕೇ ಸೇರಿಸಿದರು. 1951ರಲ್ಲಿ ಇನ್ನೊಬ್ಬ ವಿಜ್ಞಾನಿ ಬಿಯೋಕಾ ಮತ್ತೆ ಬೇರೆ ಮಾಡಿದರು.

ಈಗ ಪಿಸಿಆರ್ ಇದೆ. ಮೊಟ್ಟೆಯ ಡಿಎನ್‌ಎಯಿಂದ ಐಟಿಎಸ್ ಎಂಬ ತುಣುಕನ್ನು ನಕಲು ಮಾಡಿ, ಕಿಣ್ವದಿಂದ ಕತ್ತರಿಸಿ, ಜೆಲ್‌ನಲ್ಲಿ ಓಡಿಸಿದರೆ ಒಂದೊಂದು ಪ್ರಭೇದಕ್ಕೆ ಒಂದೊಂದು ಬಗೆಯ ಗೆರೆಗಳು. ತಂಟೆ ಇಲ್ಲಿಗೆ ಮುಗಿಯಬೇಕಿತ್ತು. ಅಸ್ಸಾಮಿನ ಚಹಾತೋಟದ ನಾಯಿಗಳ ಇಂಥ ಅಧ್ಯಯನ 2004ರಲ್ಲಿ ಬಂತು; 2007ರಲ್ಲಿ ಭಾರತ, ಆಸ್ಟ್ರೇಲಿಯಾಗಳ ಹುಳುಗಳನ್ನು ಮತ್ತೆ ತಡಕಿದಾಗ, ಬ್ರೆಜಿಲಿಯೆನ್ಸೆ ಎಂದುಕೊಂಡಿದ್ದರಲ್ಲಿ ಸಿಲಾನಿಕಮ್ ಅಡಗಿತ್ತು. ಮೊದಲ ಸಲ ಅದನ್ನು ಹುಡುಕಿರಲೇ ಇಲ್ಲ; ಪರೀಕ್ಷೆ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತದೆ ಅಂತಾಯಿತು.

ಜಂತಿನ ಮಾತ್ರೆ ಎಲ್ಲಕ್ಕೂ ಹೆಚ್ಚುಕಡಿಮೆ ಅದೇ. ಹಾಗಿದ್ದಮೇಲೆ ಹೆಸರು ಯಾಕೆ ಬೇಕು? ನಾಯಿಗಿಂತ ಮನೆಯವರಿಗಾಗಿ, ಅನ್ನಿಸುತ್ತದೆ. ಬ್ರೆಜಿಲಿಯೆನ್ಸೆಯ ಮರಿ ಮನುಷ್ಯನ ಚರ್ಮದಡಿ ತುರಿಸುವ ಗೆರೆ ಎಳೆಯುತ್ತಾ ಅಲೆದು ಸಾಯುತ್ತದೆ. ಸಿಲಾನಿಕಮ್ ಹಾಗಲ್ಲ, ಕರುಳಿಗಿಳಿದು ಬೆಳೆದು ಮೊಟ್ಟೆಯನ್ನೂ ಇಡುತ್ತದೆ. ನಾಯಿಗೆ ಕೆನೈನಮ್ ಕೆಟ್ಟದ್ದು: ಒಂದು ಹುಳು ದಿನಕ್ಕೆ ಸುಮಾರು 0.1 ಮಿ.ಲೀ. ರಕ್ತ ಕಳೆಯುತ್ತದೆ. ಮರಿನಾಯಿಯ ಹೊಟ್ಟೆಯಲ್ಲಿ ಇಂಥವು ನೂರಾರು ಇದ್ದರೆ ಲೆಕ್ಕ ಹಾಕಿ.

ಮಾತ್ರೆ ಅದೇ ಎಂಬ ಮಾತೂ ಈಗ ಗಟ್ಟಿಯಿಲ್ಲ. ಅಮೆರಿಕದಲ್ಲಿ ಓಟದ ಗ್ರೇಹೌಂಡ್‌ಗಳಲ್ಲಿ ಮೊದಲು ಎದ್ದು ಕಂಡ ಒಂದು ಬಗೆಯ ಕೆನೈನಮ್‌ಗೆ ಹಲವು ಔಷಧಿ ನಾಟುವುದಿಲ್ಲ. ಬೀಟಾ-ಟ್ಯುಬುಲಿನ್ ಪ್ರೋಟೀನಿನ 167ನೇ ಸ್ಥಾನದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದರೆ ಫೆನ್‌ಬೆಂಡಜೋಲ್ ಸೋಲುತ್ತದೆ. ಪಿಸಿಆರ್ ಅದನ್ನೂ ಹಿಡಿಯಬಲ್ಲದು.

ತಲೆ ಕೆಡಿಸಿದ್ದು ತಮಿಳುನಾಡಿನ ಜವ್ವಾದು ಬೆಟ್ಟದ 2016ರ ಅಧ್ಯಯನ. ಅಲ್ಲಿ ಮನುಷ್ಯರ ಮಲದಲ್ಲೂ ಕೆನೈನಮ್ ಡಿಎನ್‌ಎ ಸಿಕ್ಕಿತು. ಮನುಷ್ಯನ ಕರುಳಿನಲ್ಲಿ ಆ ಹುಳು ಮೊಟ್ಟೆ ಇಡುವುದಿಲ್ಲ ಎಂದೇ ಪುಸ್ತಕಗಳ ಮಾತು. ಮಣ್ಣಿನೊಂದಿಗೆ ಬಾಯಿಗೆ ಹೋಗಿ, ಹಾಗೇ ಹೊರಬಿದ್ದ ಮೊಟ್ಟೆಯೋ? ಒಳಗೇ ಬಿಡಾರ ಹೂಡಿದ ಹುಳುವಿನದೋ? ಜೆಲ್‌ನಲ್ಲಿ ಎರಡಕ್ಕೂ ಒಂದೇ ಗೆರೆ.