ಮೂರೂರಿನ ಬೆಲ್ಟು

ನಮ್ಮಣ್ಣನ ನಿಂಬೆ ತೋಟ ಇಂಡಿ ತಾಲೂಕಿನಲ್ಲಿದೆ. ನಿಂಬೆಯ ಸಾಲುಗಳ ನಡುವೆ ದೊಡ್ಡ ಟ್ರ್ಯಾಕ್ಟರು ಹೊಗುವದು ಕಷ್ಟ. ಹೊಕ್ಕರೂ ಮುಳ್ಳುಗಳು ನಡೆಸುವವನ ಮೈಯನ್ನೆಲ್ಲ ಗೀಚಿ ಕಳಿಸುತ್ತವೆ. ಅದಕ್ಕೆಂದೇ ಅವನು ಬಹಳ ವರ್ಷಗಳ ಹಿಂದೆ ಒಂದು ಪವರ್ ಟಿಲ್ಲರು ಕೊಂಡ. ಎರಡು ಹಿಡಿಕೆ ಹಿಡಿದು ಹಿಂದೆ ಹಿಂದೆ ನಡೆಯಬೇಕಾದ ಯಂತ್ರ. ಜಪಾನಿನ ಕೆಸರುಗದ್ದೆಗಳಲ್ಲಿ ಪಳಗಿ, 1960ರ ದಶಕದಲ್ಲಿ ನಮ್ಮ ದೇಶಕ್ಕೆ ಬಂದ ಕುಲ ಅದರದು. ನಮ್ಮ ಎರೆಮಣ್ಣಿನ ಬಿಸಿಲಿಗೆ ಅದು ಹೇಗೆ ಒಗ್ಗಿತೋ, ಒಗ್ಗಿತು.

ಹೋದ ಬೇಸಿಗೆಯಲ್ಲಿ ನಾಲ್ಕು ದಿನವೆಂದು ವಿಜಯಪುರದಿಂದ ಹೋದ ನಾನು ಹದಿನೈದು ದಿನ ಅಲ್ಲಿ ಉಳಿಯಬೇಕಾಯಿತು. ಕಾರಣ, ಟಿಲ್ಲರಿನ ಬೆಲ್ಟು.

ಮುಂದೆ ಇಂಜನ್, ಹಿಂದೆ ಗೇರು ಪೆಟ್ಟಿಗೆ. ನಡುವೆ ಒಂದರ ಪಕ್ಕ ಒಂದರಂತೆ ಮೂರು ಬೆಲ್ಟುಗಳು. ಇಂಜನ್ನೇನೋ ಭರ್ಜರಿಯಾಗಿ ಓಡುವದು. ಹಲ್ಲು ಮಣ್ಣಿಗೆ ತಾಗಿತೋ, ಯಂತ್ರ ಬೆದರಿದ ಎತ್ತಿನಂತೆ ನಿಂತುಬಿಡುವದು. ಕೂಡಲೇ ಒಂದು ಚೀರಾಟ, ಸುಟ್ಟ ರಬ್ಬರಿನ ವಾಸನೆ. ಅಣ್ಣ ಇಳಿಬಿದ್ದ ಮೀಸೆಯನ್ನು ಒರೆಸಿಕೊಂಡು, ಇಂಜನ್ ನಿಲ್ಲಿಸಿ, ಕಿಸೆಯಿಂದ ರಾಳದ ಗಡ್ಡೆ ತೆಗೆದು ಬೆಲ್ಟಿಗೆ ತಿಕ್ಕುವನು.

ಈ ರಾಳದ ವಿದ್ಯೆ ನಮ್ಮ ಅಪ್ಪನದು. ಅಪ್ಪ ಊರಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಅಲ್ಲಿಯ ಪಟ್ಟಾ ಚಪ್ಪಟೆ. ಜಾರಿದರೆ ರಾಳ, ಸಡಿಲಾದರೆ ಕತ್ತರಿಸಿ ಮತ್ತೆ ಹೊಲಿಗೆ. ಓಡುತ್ತಿರುವ ಪಟ್ಟಾವನ್ನು ಕಟ್ಟಿಗೆಯಿಂದ ಗಾಲಿಗೆ ಏರಿಸುತ್ತಿದ್ದ ಅಪ್ಪನ ಎಡಗೈ ತೋರುಬೆರಳಿಗೆ ಒಂದು ಗೆಣ್ಣು ಕಡಿಮೆ ಇತ್ತು. ಅಣ್ಣ ಹನ್ನೆರಡನೆಯ ವಯಸ್ಸಿಗೇ ಆ ಗಿರಣಿ ಸೇರಿದ. ನಾನು ಸಾಲೆಗೆ ಹೋದೆ. ಅದು ಬೇರೆ ಮಾತು.

ಮೊದಲು ಒಂದು ಬೆಲ್ಟು ಹರಿದಾಗ ಅಣ್ಣ ಇಂಡಿಯಲ್ಲಿ ಹೊಸದನ್ನು ಕೊಂಡು ಹಾಕಿದ. ಮುಂದೆ ಇನ್ನೊಂದು ಹರಿಯಿತು. ಆಗ ಮದುವೆಗೆಂದು ಸಿಂದಗಿಗೆ ಹೋಗಿದ್ದ, ಅಲ್ಲಿಯದು ಬಂತು. ಮೂರನೆಯದನ್ನು ಮಗಳ ಮನೆಗೆ ಹೋದಾಗ ಮುದ್ದೇಬಿಹಾಳದಿಂದ ತಂದ. ಹೀಗೆ ಒಂದೇ ಪುಲ್ಲಿಯ ಮೇಲೆ ಮೂರು ತಾಲೂಕುಗಳು ಕೂಡಿ ಸಂಸಾರ ಮಾಡತೊಡಗಿದವು.

ಕೊನೆಗೆ ಬೀಗರೊಬ್ಬರು ಬಸವನ ಬಾಗೇವಾಡಿಯ ಮಿಸ್ತ್ರಿಯೊಬ್ಬನನ್ನು ಹೇಳಿದರು. ಮೂರೂ ಬೆಲ್ಟುಗಳನ್ನು ಕೈಚೀಲಕ್ಕೆ ತುಂಬಿಕೊಂಡು, ವಿಜಯಪುರದಲ್ಲಿ ಬಸ್ಸು ಬದಲಿಸಿ, ಬಸವಣ್ಣನವರ ಹುಟ್ಟೂರಿಗೆ ಹೋದೆವು. ಮಿಸ್ತ್ರಿ ಮಾತಾಡದೆ ಮೂರನ್ನೂ ಗೋಡೆಯ ಒಂದೇ ಮೊಳೆಗೆ ತೂಗಹಾಕಿದ. ಮೂರರ ಮೇಲೂ ‘ಬಿ’ ಅಕ್ಷರ, ಅದರ ಮುಂದೆ ಒಳಸುತ್ತಳತೆಯ ಇಂಚಿನ ಅಂಕಿಯೂ ಒಂದೇ. ಆದರೆ ಕೆಳತುದಿಗಳು ಮೂರು ಕಡೆ! ಒಂದು ಹಿಗ್ಗಿತ್ತು, ಒಂದು ಹೊಸದು, ಒಂದು ಬೇರೆ ಕಾರಖಾನೆಯದು. ಗಿಡ್ಡದ್ದೇ ಭಾರವನ್ನೆಲ್ಲ ಹೊತ್ತು ಮೊದಲು ಸಾಯುತ್ತದೆ, ಉಳಿದೆರಡು ಸುಮ್ಮನೆ ಜೊತೆಗೆ ತಿರುಗುತ್ತವೆ. ಬದಲಿಸಿದರೆ ಮೂರನ್ನೂ ಒಟ್ಟಿಗೆ, ಒಂದೇ ಕಾರಖಾನೆಯ ಜೋಡಿಸಿದ ಕಟ್ಟಿನಿಂದಲೇ ಬದಲಿಸಬೇಕಂತೆ.

“ಚೀರ್ತದೇನ್ರಿ?” ಎಂದು ಕೇಳಿದ ಮಿಸ್ತ್ರಿ.

“ಇಲ್ಲಪಾ, ಒಂದ್ ದಿನಾನೂ ಚೀರಿಲ್ಲ,” ಎಂದ ಅಣ್ಣ.

“ಚೀರ್ತದ,” ಎಂದೆ ನಾನು.

ಅಣ್ಣ ನನ್ನ ಕಡೆ ನೋಡಿದ. “ಯಾವಾಗ?”

“ದಿನಾಲೂ, ಅಣ್ಣಾ.”

ಐವತ್ತು ವರ್ಷ ಗಿರಣಿ, ಇಂಜನ್ನುಗಳ ಮಗ್ಗುಲಲ್ಲಿ ಕಳೆದ ಕಿವಿ. ಬಯಲಾಟದ ಮದ್ದಳೆ ಕೇಳುತ್ತಿತ್ತು, ಬೆಲ್ಟಿನ ಸಣ್ಣ ಚೀರು ಕೇಳುತ್ತಿರಲಿಲ್ಲ. ಮನೆಯವರಿಗೆಲ್ಲ ಗೊತ್ತಿತ್ತು, ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅಪರಿಚಿತನ ಅಂಗಡಿಯಲ್ಲಿ ನಾನು ಹೇಳಿಬಿಟ್ಟೆ. ಮಿಸ್ತ್ರಿ ಜಾಣ, ತಲೆ ತಗ್ಗಿಸಿ ಬೆಲ್ಟಿನ ಮಗ್ಗುಲು ಉಜ್ಜತೊಡಗಿದ. ಅದು ಗಾಜಿನಂತೆ ಹೊಳೆಯುತ್ತಿತ್ತು.

ಚಪ್ಪಟೆ ಪಟ್ಟಾ ಹೊಟ್ಟೆಯಿಂದ ಹಿಡಿಯುತ್ತದೆ, ಇದು ಪಕ್ಕೆಗಳಿಂದ ಹಿಡಿಯುತ್ತದೆ ಎಂದು ಅವನು ತಿಳಿಸಿದ. ಅಮೆರಿಕದ ಜಾನ್ ಗೇಟ್ಸ್ 1917ರಲ್ಲಿ ರೂಪಿಸಿದನೆನ್ನುವ ಈ ವಿ ಬೆಲ್ಟಿನ ಗುಟ್ಟೆಲ್ಲ ಅಷ್ಟೇ. ‘ಬಿ’ ಜಾತಿಯದು ಮೇಲೆ 17 ಮಿಲಿಮೀಟರ್ ಅಗಲ, 11 ದಪ್ಪ. ಪುಲ್ಲಿಯ ಗಾಡಿಯಲ್ಲಿ ಬೆಣೆಯಂತೆ ಕೂಡುತ್ತದೆ, ತಳವನ್ನು ಮುಟ್ಟಕೂಡದು. ಗಾಡಿ ಸವೆದು ಬೆಲ್ಟು ತಳಕ್ಕೆ ಕೂತರೆ ಎಷ್ಟು ಬಿಗಿದರೂ ಜಾರುವದೇ. ರಾಳವಂತೂ ಎರೆಯ ಧೂಳನ್ನು ಕರೆದು ಕೂಡಿಸಿ ಪಕ್ಕೆಗಳನ್ನೇ ತಿನ್ನುತ್ತದೆ. “ಹೋಗಿ ಗಾಡ್ಯಾಗ ಬ್ಯಾಟರಿ ಬಿಟ್ಟು ನೋಡ್ರಿ. ತಳಾ ಮಿಂಚ್ತಿದ್ರ ಬೆಲ್ಟಿಂದ್ ತಪ್ಪಲ್ಲ,” ಎಂದ.

ಬಸ್ಸಿನಲ್ಲಿ ಅಣ್ಣ ಮಾತಾಡಲಿಲ್ಲ. ವಿಜಯಪುರ ದಾಟಿದ ಮೇಲೆ, “ಅಪ್ಪಗೂ ಕಡೀಕ್ ಕಡೀಕ್ ಹಿಂಗ ಆಗಿತ್ತು, ತಮ್ಮಾ,” ಎಂದನಷ್ಟೆ.

ರಾತ್ರಿಯೇ ಬ್ಯಾಟರಿ ಬಿಟ್ಟು ನೋಡಿದೆವು. ಇಂಜನ್ನಿನ ಪುಲ್ಲಿಯ ಮೂರೂ ಗಾಡಿಗಳ ತಳ ಬೆಳ್ಳಿಯ ಹಾಗೆ ಮಿಂಚುತ್ತಿತ್ತು. ಎರಡು ಪುಲ್ಲಿಗಳ ಮೋರೆಗೆ ದಾರ ಎಳೆದು ಹಿಡಿದರೆ, ನಾಲ್ಕು ಕಡೆ ತಾಗಬೇಕಾದ ದಾರ ಮೂರೇ ಕಡೆ ತಾಗಿತು. ಬೆಲ್ಟು ಬಿಗಿಯಲೆಂದು ಅಣ್ಣ ಇಂಜನ್ನನ್ನು ಮುಂದೆ ಸರಿಸುವಾಗ ಒಂದು ಮಗ್ಗುಲು ಮಾತ್ರ ಸರಿದಿತ್ತು.

ಹೊಸ ಪುಲ್ಲಿ ಬಂತು, ಹೊಸ ಕಟ್ಟಿನ ಮೂರು ಬೆಲ್ಟು ಬಂದವು. ಸ್ಕ್ರೂಡ್ರೈವರಿನಿಂದ ಮೀಟಿ ಏರಿಸದೆ, ಇಂಜನ್ ಸಡಿಲಿಸಿ, ಕೈಯಿಂದಲೇ ಕೂಡಿಸಿದೆವು. ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಬೆರಳಗಲಕ್ಕಿಂತ ಹೆಚ್ಚು ತಗ್ಗಬಾರದು. ತೀರ ಬಿಗಿದರೆ ಬೇರಿಂಗು ಸಾಯುತ್ತದೆ. ಹೊಸ ಬೆಲ್ಟು ಕೆಲವು ತಾಸು ಓಡಿದ ಮೇಲೆ ಹಿಗ್ಗುತ್ತದೆ, ಮರುದಿನ ಮತ್ತೊಮ್ಮೆ ಬಿಗಿದೆವು. ರಾಳದ ಗಡ್ಡೆ ಎಲ್ಲಿ ಹೋಯಿತೆಂದು ನಾನು ಕೇಳಲಿಲ್ಲ.

ನಾನು ಹೊರಡುವ ದಿನ ಅಣ್ಣ ಮೊಮ್ಮಗನನ್ನು ಸಾಲಿನ ತುದಿಗೆ ನಿಲ್ಲಿಸಿ, “ಚೀರಿದ್ರ ಕೈ ಎತ್ತು,” ಎಂದು ಹೇಳಿ ಟಿಲ್ಲರು ಚಾಲೂ ಮಾಡಿದ. ಅರ್ಧ ಸಾಲು ದಾಟುವಷ್ಟರಲ್ಲಿ ಹುಡುಗ ಎರಡೂ ಕೈ ಎತ್ತಿದ. ಅಣ್ಣ ಇಂಜನ್ ನಿಲ್ಲಿಸಿ ಬೆಲ್ಟಿನತ್ತ ಬಗ್ಗಿದ.

“ಬೆಲ್ಟಲ್ಲೋ ಅಜ್ಜಾ,” ಎಂದು ಹುಡುಗ ಗಟ್ಟಿಯಾಗಿ ಕೂಗಿದ, “ಗಿಳಿ!”